ಹೊನ್ನೂರಮ್ಮನ ಒಂದು ಲಕ್ಷ ವರಹ

ಬಹಳ ಹಿಂದೆ, ಅಂದರೆ ತೆರಿಗೆ ಕಟ್ಟುವ ಕೊನೆಯ ದಿನಾಂಕವನ್ನು ಇನ್ನೂ ಮೂರನೇ ಸಲ ಮುಂದೂಡಿರದ ಕಾಲದಲ್ಲಿ, ಅನುಬಂಧಪುರ ಎಂಬ ರಾಜ್ಯವಿತ್ತು. ಶ್ರೀಮನ್ಮಹಾರಾಜ ಪ್ರಚಂಡಭೂಪತಿಗಳು ಅದನ್ನು ಆಳುತ್ತಿದ್ದರು. ಒಂದು ದಿನ ಪ್ರಾತಃಕಾಲ ಉದ್ದಿನವಡೆ ಸೇವಿಸುತ್ತಿರುವಾಗ ಪ್ರಭುಗಳ ಬೆರಳಿಗೆ ಎಣ್ಣೆ ಅಂಟಿತು. ಆ ಬೆರಳನ್ನೇ ನೋಡುತ್ತ ಕುಳಿತವರಿಗೆ ಆರ್ಥಿಕ ಸುಧಾರಣೆ ಹೊಳೆಯಿತು. ಮಧ್ಯಾಹ್ನದೊಳಗೆ ‘ಕರಿದ ಪದಾರ್ಥಗಳ ಸುಂಕ ಸಂಹಿತೆ’ ಜಾರಿಯಾಯಿತು. ನಾನೂರ ಹನ್ನೆರಡು ಪುಟ, ಒಂದೇ ವಾಕ್ಯ. ಅದರ ಸಾರ ಇಷ್ಟು: ಎಣ್ಣೆಯಲ್ಲಿ ಮುಳುಗಿದ ಪದಾರ್ಥಕ್ಕೆ ನೂರಕ್ಕೆ ಹದಿನೆಂಟು, ತೇಲಿದ ಪದಾರ್ಥಕ್ಕೆ ನೂರಕ್ಕೆ ಐದು. ಮೊದಲು ಮುಳುಗಿ ಆಮೇಲೆ ತೇಲುವುದಕ್ಕೆ ಎಷ್ಟೆಂದು ಸಂಹಿತೆ ಹೇಳಲಿಲ್ಲ. ಎಣ್ಣೆಗೆ ಬಿದ್ದದ್ದೆಲ್ಲ ಮಾಡುವುದು ಅದನ್ನೇ. ಒಲೆಯ ಮುಂದೆ ಒಂದು ದಿನ ನಿಂತ ಯಾರಿಗಾದರೂ ಅದು ಗೊತ್ತು. ಸಂಹಿತೆ ಬರೆದವರು ನಿಂತಿರಲಿಲ್ಲ.

ಇಂಥ ಕಾಯಿದೆಗಳನ್ನು ಜನಕ್ಕೆ ಬಿಡಿಸಿ ಹೇಳುತ್ತಿದ್ದವನು ಕೊಟ್ರಪ್ಪ. ಇಪ್ಪತ್ತು ವರ್ಷ ಸುಂಕದ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ, ಒಂದು ದಿನ ಸಿಟ್ಟು ನೆತ್ತಿಗೇರಿ ಮೇಲಧಿಕಾರಿಯ ಮುಂದೆ ರಿಜಿಸ್ಟರ್ ಎಸೆದು ಹೊರಬಂದಿದ್ದ. ಆಮೇಲೆ ‘ಸುಂಕ ಸುಲಭ’ ಎಂಬ ಬ್ಲಾಗ್ ಶುರುಮಾಡಿದ. ಕಾಸು ಕೇಳುತ್ತಿರಲಿಲ್ಲ. ಪ್ರತಿ ಬರಹದ ತಳದಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಮಾತ್ರ ತಪ್ಪದೆ ಇರುತ್ತಿತ್ತು: ‘ಇದರ ಸರಿತಪ್ಪುಗಳಿಗೆ ಬರೆದವರು ಜವಾಬ್ದಾರರಲ್ಲ.’

ಹೊಸ ಸಂಹಿತೆಯ ಬಗ್ಗೆ ಬರೆಯಲು ಕುಳಿತಾಗ ಅವನ ಪಕ್ಕದಲ್ಲಿ ಒಂದು ತಟ್ಟೆ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ ಇದ್ದವು. ಬೀದಿ ಕೊನೆಯ ತಳ್ಳುಗಾಡಿಯ ಹೊನ್ನೂರಮ್ಮ ಕರಿದ ಬಜ್ಜಿ. ಬಾಯಲ್ಲಿ ಬಜ್ಜಿ ಇತ್ತು, ಕೈಗೆ ಅವಳ ಹೆಸರೇ ಬಂತು. ‘ಉದಾಹರಣೆಗೆ, ಹೊನ್ನೂರಮ್ಮ ಎಂಬುವರು ವರ್ಷಕ್ಕೆ ಒಂದು ಲಕ್ಷ ವರಹದ ಬಜ್ಜಿ ಮಾರಿದರು ಎಂದಿಟ್ಟುಕೊಳ್ಳೋಣ. ಬಜ್ಜಿ ಮುಳುಗಿತೆಂದರೆ ತೆರಿಗೆ ಹದಿನೆಂಟು ಸಾವಿರ. ಇದನ್ನು ಅವರು ಇಪ್ಪತ್ತನೇ ತಾರೀಖಿನೊಳಗೆ ಕಟ್ಟುತ್ತಾರೆ’ ಎಂದು ಬರೆದು, ಕೈ ಒರೆಸಿಕೊಂಡು ಪ್ರಕಟಿಸಿದ.

ಅತ್ತ ಆಸ್ಥಾನದಲ್ಲಿ ಸುಂಕದ ಅಧಿಕಾರಿಗಳು ಮಂತ್ರಿ ವಿನಯಶೀಲರನ್ನು ಕಂಡು, ಸಂಹಿತೆಯನ್ನು ಹೇಗೆ ಓದುವುದೆಂದು ಕೇಳಿದರು. ಅದನ್ನು ಬರೆಸಿದವರು ಮಂತ್ರಿಗಳೇ. ಅವರು ಗಂಭೀರವಾಗಿ, “ಬ್ಲಾಗ್ ನೋಡಿ. ನಾನೂ ಅದನ್ನೇ ನೋಡುವುದು” ಎಂದರು.

ಅಧಿಕಾರಿಗಳು ನೋಡಿದರು. ಇಡೀ ರಾಜ್ಯದಲ್ಲಿ ಹೆಸರು, ವಹಿವಾಟು, ಬಾಕಿ ಮೂರೂ ಸ್ಪಷ್ಟವಾಗಿ ನಮೂದಾಗಿದ್ದ ಪ್ರಜೆ ಒಬ್ಬಳೇ ಇದ್ದಳು.

ಮರುದಿನವೇ ಅಮಲ್ದಾರ ಬ್ಲಾಗಿನ ಪ್ರಿಂಟ್ ಹಿಡಿದು ತಳ್ಳುಗಾಡಿಯ ಮುಂದೆ ನಿಂತ.

“ಹೊನ್ನೂರಮ್ಮ ಅಂದ್ರೆ ನೀನೇ ಏನಮ್ಮ?”

“ಹೂಂ ಕಣಪ್ಪ. ಎಷ್ಟು ಪ್ಲೇಟ್ ಕಟ್ಲಿ?”

“ಹದಿನೆಂಟು ಸಾವಿರ ವರಹ ಕಟ್ಟು. ಇಪ್ಪತ್ತನೇ ತಾರೀಖು ದಾಟಿದ್ರೆ ಗಾಡಿ ಜಪ್ತಿ.”

ಹೊನ್ನೂರಮ್ಮ ಜಾಲರಿ ಸೌಟನ್ನು ಅವನ ಮೂಗಿನ ತನಕ ಎತ್ತಿದಳು. “ವರ್ಷಪೂರ್ತಿ ಬೆಂಕಿ ಮುಂದೆ ಬೆಂದ್ರೂ ಮುನ್ನೂರು ವರಹ ಕಾಣಲ್ಲ ನಾನು! ಲಕ್ಷ ಅಂತ ಯಾವನಯ್ಯ ಹೇಳ್ದೋನು?”

ಅಮಲ್ದಾರ ಪ್ರಿಂಟ್ ತಿರುಗಿಸಿ ತೋರಿಸಿದ. ಅವಳಿಗೆ ಓದು ಬಾರದು. ಬ್ಲಾಗಿನ ತಲೆಯ ಮೇಲಿದ್ದ ಕೊಟ್ರಪ್ಪನ ಫೋಟೊ ಗುರುತು ಸಿಕ್ಕಿತು.

ಐದು ನಿಮಿಷಕ್ಕೆ ಅವಳು ಅವನ ಬಾಗಿಲಲ್ಲಿದ್ದಳು. “ತಿನ್ನೋದು ನನ್ನ ಬಜ್ಜಿ, ಬರೆಯೋದು ನನ್ನ ಮೇಲೇನಾ? ಗಾಡಿ ಹೋದ್ರೆ ನಾನೇನು ನಿನ್ನ ಬ್ಲಾಗ್ ಎಣ್ಣೇಲಿ ಕರ್ಕೊಂಡು ತಿನ್ಲಾ?”

“ಅದು ಉದಾಹರಣೆ ಅಕ್ಕ! ಬರೀ ಉದಾಹರಣೆ! ಆ ಕತ್ತೆಗಳಿಗೆ ಅಷ್ಟೂ ತಿಳಿಯಲ್ವಾ? ಇರು, ಈಗಲೇ ಅರಮನೆಗೆ ಹೋಗಿ ಬರ್ತೀನಿ” ಎಂದು ಕೊಟ್ರಪ್ಪ ಚಪ್ಪಲಿ ಮೆಟ್ಟಿ ಹೊರಟ.

ಆಸ್ಥಾನದಲ್ಲಿ ಅವನು ನಮಸ್ಕರಿಸುವುದನ್ನೂ ಮರೆತ. “ಸ್ವಾಮಿ, ಆ ಲೆಕ್ಕ ಸುಳ್ಳು. ಆಕೆಗೆ ಲಕ್ಷ ಎಲ್ಲಿಂದ ಬರಬೇಕು? ಲೆಕ್ಕ ಹಾಕಲು ಸುಲಭ ಅಂತ ನಾನು ಲಕ್ಷ ಹಿಡಿದೆ, ಅಷ್ಟೇ!”

ಪ್ರಭುಗಳು ಸಿಂಹಾಸನದಿಂದ ಅರ್ಧ ಎದ್ದರು. “ಸುಲಭ! ಮಂತ್ರಿಗಳೇ, ಕೇಳಿದಿರಾ? ಈ ಬ್ಲಾಗಿನಲ್ಲಿರುವ ಪ್ರಜೆಗಳು ಎಂಥ ಸದ್ಗುಣಿಗಳು! ವಹಿವಾಟು ದುಂಡಗೆ. ಚೌಕಾಸಿಯಿಲ್ಲ. ಇಪ್ಪತ್ತರೊಳಗೆ ಕಟ್ಟಿಯೇಬಿಡುತ್ತಾರೆ. ನಮ್ಮ ಪ್ರಜೆಗಳೇಕೆ ಹೀಗಿಲ್ಲ?”

“ಹೇಳುವವರು ಇರಲಿಲ್ಲ ಪ್ರಭು” ಎಂದರು ವಿನಯಶೀಲರು. “ಈಗ ಪೋರ್ಟಲ್‌ನಲ್ಲಿ ಹಾಕಿಬಿಡೋಣ. ಪ್ರತಿಯೊಬ್ಬ ಪ್ರಜೆಯ ವಹಿವಾಟು ಒಂದು ಲಕ್ಷವೆಂದು ಭಾವಿಸತಕ್ಕದ್ದು.”

“ಭಾವಿಸಲಾಗಿದೆ” ಎಂದರು ಪ್ರಭುಗಳು.

ಕೊಟ್ರಪ್ಪನ ಕಿವಿ ಕೆಂಪಾಯಿತು. “ನಿಮಗೆ ತಲೆ ನೆಟ್ಟಗಿದೆಯೇನ್ರೀ? ನಾನು ಬರೆದದ್ದರ ಕೆಳಗೆ ನೋಡಿ! ಸರಿತಪ್ಪುಗಳಿಗೆ ಬರೆದವರು ಜವಾಬ್ದಾರರಲ್ಲ ಅಂತ ಇದೆ!”

ಮಂತ್ರಿಗಳು ಕನ್ನಡಕ ಏರಿಸಿ ಆ ಸಾಲನ್ನು ಗಟ್ಟಿಯಾಗಿ ಓದಿದರು. ಪ್ರಭುಗಳು ಇನ್ನೊಮ್ಮೆ ಓದಿಸಿದರು. ಅವರ ಕಣ್ಣು ತುಂಬಿ ಬಂತು.

“ನಮ್ಮ ಅಜ್ಜ ಆಳಿದರು, ಅಪ್ಪ ಆಳಿದರು. ಇಂಥ ವಾಕ್ಯ ಒಬ್ಬರಿಗೂ ಹೊಳೆಯಲಿಲ್ಲವಲ್ಲ! ಇಂದಿನಿಂದ ನಮ್ಮ ಮುದ್ರೆಯ ಕೆಳಗೆ ಇದನ್ನು ಹಾಕಿಸಿ.”

ಕೊಟ್ರಪ್ಪ ಬೈಯಲು ಬಾಯಿ ತೆರೆದಾಗ ಹೆಗಲಿಗೆ ಶಾಲು ಬಿತ್ತು, ಕೈಗೆ ಹಣ್ಣಿನ ಬುಟ್ಟಿ ಬಂತು, ‘ಉದಾಹರಣಾ ರತ್ನ’ ಎಂಬ ಬಿರುದು ಸಿಕ್ಕಿತು, ಬೈಗುಳವನ್ನು ಸಭೆ ಚಪ್ಪಾಳೆಯಲ್ಲಿ ಮುಳುಗಿಸಿತು. ಹೊರಗೆ ಬಂದರೆ ಬಾಗಿಲಲ್ಲೇ ಅಮಲ್ದಾರ. ಶಾಲು ಸೇರಿ ಅವನ ವಹಿವಾಟೂ ಒಂದು ಲಕ್ಷ ಎಂದು ಚೀಟಿ ಕೊಟ್ಟ.

ಮನೆಗೆ ಹೋದವನೇ ಕೊಟ್ರಪ್ಪ ‘ಹಿಂದಿನ ಉದಾಹರಣೆಯನ್ನು ಹಿಂಪಡೆದಿದ್ದೇನೆ’ ಎಂದು ಬರೆದ. ಉದಾಹರಣೆಯನ್ನು ಹಿಂಪಡೆಯುವ ಶುಲ್ಕ ಎರಡು ಸಾವಿರ ವರಹವೆಂದು ಸಂಜೆಯೊಳಗೆ ಸುತ್ತೋಲೆ ಬಂತು. ಆ ಬರಹವನ್ನೂ ಅವನೇ ಅಳಿಸಿದ.

ಇಪ್ಪತ್ತನೇ ತಾರೀಖು ಸುಂಕದ ಕಚೇರಿಯ ಮುಂದಿನ ಸಾಲು ಕೆರೆ ಏರಿಯ ತನಕ ಬೆಳೆದಿತ್ತು. ಕ್ಷೌರಿಕನ ವಹಿವಾಟು ಒಂದು ಲಕ್ಷ, ಹೂ ಕಟ್ಟುವವಳದ್ದು ಒಂದು ಲಕ್ಷ, ದೇವಸ್ಥಾನದ ಮೆಟ್ಟಿಲ ಮೇಲೆ ಕೂರುವ ಕುರುಡನದ್ದೂ ಒಂದು ಲಕ್ಷ. ಕೊಟ್ರಪ್ಪನ ಕೈಯಲ್ಲಿ ಶಾಲು ಇತ್ತು. ಅವನ ಮುಂದೆಯೇ ಹೊನ್ನೂರಮ್ಮ. ಬೆಳಿಗ್ಗೆಯೇ ಅವಳ ಗಾಡಿಯನ್ನು ಅರಮನೆಯ ಮುಂದಕ್ಕೆ ಎಳೆದೊಯ್ದು, ಚೆಂಡುಹೂವಿನ ಹಾರ ಹಾಕಿ, ‘ಮೂಲ ಉದಾಹರಣೆ’ ಎಂಬ ಫಲಕ ನೆಟ್ಟಿದ್ದರು. ಉಳಿದದ್ದು ಬಾಣಲೆ. ಅದನ್ನು ಕಂಕುಳಲ್ಲಿ ಅವುಚಿಕೊಂಡಿದ್ದಳು.

“ಅಲ್ಲ ಕೊಟ್ರಪ್ಪ” ಎಂದಳು ತಿರುಗಿ, ಸಿಟ್ಟಿಲ್ಲದೆ. “ಮುನ್ನೂರು ಅಂತಲೇ ಬರ್ದಿದ್ರೆ ನಿಂಗೇನಾಗ್ತಿತ್ತಪ್ಪ?”

ಅವನು ಶಾಲಿನ ಅಂಚು ಹಿಸುಕಿದ. “ಲೆಕ್ಕದಲ್ಲಿ ಸೊನ್ನೆ ಜಾಸ್ತಿ ಇದ್ರೆ ಓದೋರಿಗೆ ಹಗುರ ಅಕ್ಕ.”

ಸರದಿ ಬಂತು. ಹೊನ್ನೂರಮ್ಮ ಬಾಣಲೆಯನ್ನು ಮೇಜಿನ ಮೇಲಿಟ್ಟಳು. ಗುಮಾಸ್ತ ಅದನ್ನು ಹಿಂದೆಮುಂದೆ ತಿರುಗಿಸಿ, ಇದು ಮುಳುಗುವುದೋ ತೇಲುವುದೋ ಎಂದು ಕೇಳಿ, ತೂಗಿ, ಮೂಲೆಗೆ ಎಸೆದ. ಬಾಕಿ ಹದಿನೇಳು ಸಾವಿರದ ಒಂಬೈನೂರ ತೊಂಬತ್ತೆಂಟು ವರಹ ಎಂದು ರಸೀದಿ ಹರಿದು ಕೊಟ್ಟ.

ಅವಳು ರಸೀದಿಯನ್ನು ಕೊಟ್ರಪ್ಪನ ಮುಂದೆ ಹಿಡಿದಳು. “ಮುದ್ರೆ ಕೆಳಗೆ ಸಣ್ಣಕ್ಷರದಾಗೆ ಏನೋ ಐತಲ್ಲ, ಏನದು?”

ಕೊಟ್ರಪ್ಪ ನೋಡಿದ. ತನ್ನದೇ ಸಾಲು. ಒಂದಕ್ಷರ ಬದಲಾಗಿರಲಿಲ್ಲ.

“ಏನಿಲ್ಲ ಅಕ್ಕ” ಎಂದ. “ಬರೀ ಸಹಿ.”