ಚಿಕ್ಕಮ್ಮನ ಊಟಕ್ಕೆ ಸಾಕ್ಷಿ ಬೇಕು

ನಮ್ಮ ಚಿಕ್ಕಮ್ಮ ಒಬ್ಬಳೇ ಕೂತು ಊಟ ಮಾಡಿದ್ದನ್ನು ಯಾರೂ ನೋಡಿಲ್ಲ. ನೋಡಿದ ಮೇಲೆ ಒಬ್ಬಳೇ ಹೇಗಾಗುತ್ತಾಳೆ ಎಂದು ತಗಾದೆ ತೆಗೆಯಬೇಡಿ! ಸಾಕ್ಷಿಯಿಲ್ಲದೆ ಆಕೆ ತುತ್ತೆತ್ತುವುದಿಲ್ಲ ಎಂದಷ್ಟೇ ನನ್ನ ಮಾತಿನ ಅರ್ಥ. ಗಂಡಸಿ ಎಂಬ ಊರಿನ ಅವಳ ಮನೆಯಲ್ಲಿ ಊಟದ ಹೊತ್ತಾದರೆ ಸಾಕು, ಪಕ್ಕದ ಮನೆಯವರನ್ನೋ ತೆಂಗಿನಕಾಯಿ ಕೇಳಲು ಬಂದವರನ್ನೋ ಒಳಗೆ ಕರೆದು ತಟ್ಟೆ ಎತ್ತಿ ತೋರಿಸುತ್ತಿದ್ದಳು.

"ನೋಡ್ಕಳ್ರಪ್ಪ, ಅರ್ಧ ಮುದ್ದೆ, ಒಂದ್ ಸೌಟು ಸಾರು. ಆಮೇಲೆ ಏನೂ ಅನ್ಬೇಡಿ!"

ಏನನ್ನಬಾರದು? ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಮಗಳು ಹುಟ್ಟಿದ ಮೇಲೆ ದಪ್ಪವಾಗುತ್ತಲೇ ಹೋದಳು. ಚಿಕ್ಕಪ್ಪನೋ, ಮುದ್ದೆಯ ಮೇಲೆ ಮುದ್ದೆ ಇಳಿಸಿ ಅನ್ನಕ್ಕೂ ಕೈ ಹಾಕಿದರೂ ಬಿದಿರ ಗಳುವಿನ ಹಾಗೇ ಸಣ್ಣಗಿದ್ದ. ಅವನ ತಟ್ಟೆಯತ್ತ ಯಾರೂ ಇಣುಕಲಿಲ್ಲ. ಚಿಕ್ಕಮ್ಮನ ವಿಷಯದಲ್ಲಿ ಮಾತ್ರ ಅವಳ ಅತ್ತೆ ತೀರ್ಪು ಕೊಟ್ಟುಬಿಟ್ಟಿದ್ದರು: "ಗಾಳಿ ಕುಡ್ದು ಯಾರಾದ್ರೂ ಊದ್ಕತಾರಾ? ಕದ್ದು ತಿಂತಾಳೆ ಕಣ್ರೀ."

ಬೇಲೂರಿನ ಮದುವೆಯೊಂದರಲ್ಲಿ ಪಕ್ಕದ ಎಲೆಯ ಹೆಂಗಸು, "ಸಂಕೋಚ ಯಾಕ್ರೀ, ನಾಲ್ಕು ಹೋಳಿಗೆ ಹಾಕಿಸ್ಕಳಿ, ನಿಮ್ ಮೈಗೆ ಒಂದ್ ಎಲ್ಲಿ ಸಾಲ್ತದೆ?" ಎಂದು ಕಿಸಕ್ಕೆಂದರು. ಚಿಕ್ಕಮ್ಮ ಬಡಿಸುವವನನ್ನು ತಡೆದು ನಿಲ್ಲಿಸಿದಳು. "ನನ್ ಎಲೆಗೆ ಏನೇನ್ ಬಡ್ಸಿದೀಯಪ್ಪ? ಎಲ್ರಿಗೂ ಕೇಳೋ ಹಂಗೆ ಹೇಳು."

ಅವನು ಬೆದರಿ, "ಕೋಸಂಬರಿ ಮಾತ್ರ ಅಕ್ಕಾ!" ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಮಾಲೇಕಲ್ಲು ಬೆಟ್ಟವನ್ನು ಆಕೆ ಉಪವಾಸದಲ್ಲೇ ಹತ್ತಿದಳು. ಮೇಲೆ ವೆಂಕಟರಮಣನ ಎದುರು ಕೈಮುಗಿದು ಏನು ಹೇಳಿಕೊಂಡಳು ಗೊತ್ತೇ? "ನಾನು ತಿನ್ನೋದನ್ನ ನೀನಾದ್ರೂ ನೋಡಿದೀಯಲ್ಲಪ್ಪ." ನಾನು ಪಕ್ಕದಲ್ಲೇ ಇದ್ದೆ. ನಗು ಬರಲಿಲ್ಲ.

ಹೋದ ವರ್ಷ ಎಲ್ಲರೂ ಹಳೇಬೀಡಿಗೆ ಹೋಗಿದ್ದೆವು. ಬಸ್ತಿಹಳ್ಳಿಯ ಬಸದಿಯ ಮುಂದೆ ಚಿಕ್ಕಮ್ಮ ಮಾತಾಡುತ್ತಾ ಮಾತಾಡುತ್ತಾ ಕುಸಿದುಬಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ನೀರು ಚಿಮುಕಿಸಿ, ಎಳನೀರು ಕುಡಿಸಿ ಎಬ್ಬಿಸಿದೆವು. ಮರುದಿನ ಅವಳ ಅತ್ತೆ ಮತ್ತು ನಾನು ಅವಳನ್ನು ಅರಸೀಕೆರೆಯ ವೈದ್ಯೆಯೊಬ್ಬರಿಗೆ ತೋರಿಸಿದೆವು. ಅವರು ರಕ್ತಪರೀಕ್ಷೆಗೆ ಬರೆದುಕೊಟ್ಟರು. ವರದಿ ಬಂದ ದಿನ ಮೂವರೂ ಮತ್ತೆ ಹೋದೆವು. ಅತ್ತೆ ಹೊರಗೇ ಕೂತರು.

"ನಿಮ್ಮ ಥೈರಾಯ್ಡ್ ಮಂದವಾಗಿದೆಯಮ್ಮ," ಎಂದರು ವೈದ್ಯೆ. "ತಿಂದಿದ್ದನ್ನ ಎಲ್ಲರ ಮೈಯೂ ಒಂದೇ ವೇಗದಲ್ಲಿ ಕರಗಿಸಲ್ಲ. ವಯಸ್ಸು, ನಿದ್ದೆ, ಮೈಯಲ್ಲಿರೋ ಮಾಂಸಖಂಡ, ಕತ್ತಿನಲ್ಲಿರೋ ಈ ಗ್ರಂಥಿ ಎಲ್ಲಾ ಸೇರಿ ಅದನ್ನ ತೀರ್ಮಾನಿಸುತ್ತೆ. ಈ ಗ್ರಂಥಿ ಮಂದವಾದರೆ ಕಮ್ಮಿ ತಿಂದರೂ ಮೈ ಬರುತ್ತೆ, ಕೈಕಾಲು ತಣ್ಣಗಿರುತ್ತೆ. ಹೊಟ್ಟೆಗೆ ಹಾಕದೆ ಇದ್ದರೆ ಮೈ ಇನ್ನಷ್ಟು ಹಿಡಿತ ಮಾಡಿ ಕರಗಿಸೋದನ್ನೇ ಕಮ್ಮಿ ಮಾಡುತ್ತೆ. ಮಾತ್ರೆ ತಗೊಳ್ಳಿ, ಸರಿಯಾಗಿ ಊಟ ಮಾಡಿ."

ಚಿಕ್ಕಮ್ಮ, "ಡಾಕ್ಟ್ರೇ, ಇದನ್ನೇ ಇನ್ನೊಂದ್ಸಲ ಹೇಳ್ತೀರಾ? ನಮ್ಮತ್ತೆ ಆಚೆ ಬೆಂಚಲ್ಲಿ ಕೂತವ್ರೆ. ಕರೀತೀನಿ" ಎಂದಳು.

ವೈದ್ಯೆ ನಗಲು ಹೊರಟವರು ಅವಳ ಮುಖ ನೋಡಿ ತಡೆದುಕೊಂಡರು. ಅತ್ತೆಯನ್ನು ಕರೆಸಿ, ಎದುರು ಕೂರಿಸಿ, ಎಲ್ಲವನ್ನೂ ಮೊದಲಿನಿಂದ ಹೇಳಿದರು. ಅತ್ತೆ ತಲೆತಗ್ಗಿಸಿ ಕೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತರು, ನಾನು ಹಿಂದೆ. ಅರಸೀಕೆರೆ ದಾಟಿದ ಮೇಲೆ ಅತ್ತೆ ಮೆಲ್ಲಗೆ ಚಿಕ್ಕಮ್ಮನ ಕೈ ಹಿಡಿದು ನೋಡಿದರು.

"ಇಷ್ಟ್ ತಣ್ಣಗೈತಲ್ಲೇ! ಒಂದಿನಾನಾದ್ರೂ ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನಂಬ್ತಿದ್ರಾ ಅತ್ತೆ?"

ಅವರು ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಉಜ್ಜತೊಡಗಿದರು. ಕಂಡಕ್ಟರ್ "ಗಂಡಸಿ, ಗಂಡಸಿ" ಎಂದು ಕೂಗಿದಾಗಲೂ ಬಿಡಲಿಲ್ಲ.