ನಾಳೆ ನೀರು ಬರಲ್ಲ

ಆಗಲಿರಾಯರು ತಮ್ಮ ಕನ್ನಡಕದ ಮೇಲೆ ತಾವೇ ಕೂತರು. ‘ಪಟಕ್’ ಅಂದದ್ದು ಕುರ್ಚಿಯೋ ತಮ್ಮ ಸೊಂಟವೋ ಎಂದು ಒಂದು ಗಳಿಗೆ ತಿಳಿಯಲಿಲ್ಲ. ಎದ್ದು ತಡಕಾಡಿದಾಗ ಕೈಗೆ ಎರಡು ಕಡ್ಡಿಯೂ ಒಂದಿಷ್ಟು ಚೂರೂ ಸಿಕ್ಕವು. ಸೊಂಟವೇ ಮುರಿದಿದ್ದರೆ ವಾಸಿಯಿತ್ತು ಅನ್ನಿಸಿತು. ಸೊಂಟ ಮುರಿದವನಿಗೆ ಯಾರೂ ಪತ್ರಿಕೆ ಓದು ಅನ್ನುವುದಿಲ್ಲ.

ಅವರ ನಿಜವಾದ ಹೆಸರು ಕಟ್ಟಡದಲ್ಲಿ ಯಾರಿಗೂ ನೆನಪಿರಲಿಲ್ಲ. ಯಾರು ಏನು ಹೇಳಿದರೂ ‘ಆಗಲಿ’ ಅನ್ನುವ ಮನುಷ್ಯನಿಗೆ ಬೇರೆ ಹೆಸರಾದರೂ ಯಾಕೆ? ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಮನೆಯಲ್ಲಿ ಕಾಲಿಗೆ ತೊಡರುತ್ತಿದ್ದ ಗಂಡನನ್ನು ಹೆಂಡತಿ ಕಣ್ಣು-ಕಿವಿ ಸಹಾಯ ಕೇಂದ್ರಕ್ಕೆ ಓದುಗನಾಗಿ ಸೇರಿಸಿದ್ದರು. ದೃಷ್ಟಿ ಮಂಜಾದ, ಕಿವಿ ಮಂದವಾದ ಹಿರಿಯರಿಗೆ ಕೋಲು ಹಿಡಿದು ನಡೆಯುವುದನ್ನು ಕಲಿಸುವ, ಮಾತಾಡುವ ಗಡಿಯಾರ ಕೊಡುವ, ಮನೆಗೇ ಓದುಗರನ್ನು ಕಳಿಸುವ ಕೇಂದ್ರ ಅದು. ಅಲ್ಲಿನ ಮೇಲ್ವಿಚಾರಕಿ ತರಬೇತಿಯಲ್ಲಿ ಒತ್ತಿ ಒತ್ತಿ ಹೇಳಿದ್ದು ಒಂದೇ ಮಾತು: “ಇದ್ದದ್ದನ್ನ ಇದ್ದ ಹಾಗೆ ಓದಿ. ಸ್ವಂತದ್ದು ಒಂದಕ್ಷರಾನೂ ಸೇರಿಸಬೇಡಿ. ಅವರು ನಿಮ್ಮನ್ನೇ ನಂಬಿರ್ತಾರೆ.”

“ಇನ್ನೂ ಇಲ್ಲೇ ಇದೀರಾ?” ಹೆಂಡತಿ ಒಳಗಿನಿಂದ ಕೂಗಿದರು. “ಮೊದಲನೇ ದಿನಾನೇ ಮಾನ ಕಳೀಬೇಡಿ. ನಮ್ಮವರದು ಹದ್ದಿನ ಕಣ್ಣು ಅಂತ ಕೇಂದ್ರದಲ್ಲಿ ಹೇಳಿ ಬಂದಿದೀನಿ.”

ಹದ್ದು ಗೋಡೆ ತಡವಿಕೊಂಡು ಮೆಟ್ಟಿಲು ಹತ್ತಿತು. ಕನ್ನಡಕ ಒಡೆಯಿತು, ನಾಳೆ ಬರುತ್ತೇನೆ ಎಂದು ಹೇಳಿ ಬಂದರಾಯಿತು ಎಂದುಕೊಂಡೇ ರಾಯರು ಮೇಲಿನ ಮಹಡಿಯ ಬಾಗಿಲು ತಟ್ಟಿದ್ದು.

ಬಾಗಿಲು ತೆರೆದದ್ದು ಹೆಡ್‌ಮೇಡಂ. ಶಾಲೆ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಅವರ ದನಿ ಕೇಳಿದರೆ ಈಗಲೂ ಕಟ್ಟಡದವರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಕಣ್ಣಿನ ನಡುಭಾಗದ ದೃಷ್ಟಿ ಪೂರ್ತಿ ಹೋಗಿತ್ತು. ಅಂಚಿನಲ್ಲಿ ಒಂದಿಷ್ಟು ನೆರಳು ಬೆಳಕು ಮಾತ್ರ.

“ಓದೋರಾ? ಬನ್ನಿ. ಹಿಂದೆ ಒಬ್ರು ಬಂದಿದ್ರು, ಕನ್ನಡಕ ಮರೆತಿದ್ದೀನಿ ಅಂದ್ರು. ಹೊಸ್ತಿಲಿಂದಲೇ ವಾಪಸ್ ಕಳಿಸಿದೆ. ನಿಮ್ಮ ಹತ್ರ ಇದೆ ತಾನೇ?”

ರಾಯರು “ಇದೆ ಮೇಡಂ” ಅಂದುಬಿಟ್ಟರು. ಅಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಅದು ಅಂಚೆಪೆಟ್ಟಿಗೆಗೆ ಹಾಕಿದ ಕಾಗದ.

ಮೇಜಿನ ಮೇಲೆ ಕಾಗದವೊಂದು ಬೆಳ್ಳಗೆ ಕಂಡಿತು. ಅದನ್ನೇ ಎತ್ತಿಕೊಂಡು ಕೂತರು. ಅಕ್ಷರಗಳು ಸಕ್ಕರೆ ಚೆಲ್ಲಿದಲ್ಲಿ ನೆರೆದ ಇರುವೆಗಳ ಹಾಗೆ ಹರಿದಾಡಿದವು. “ಮುಖ್ಯ ಸೇತುವೆ ಉದ್ಘಾಟನೆ” ಎಂದು ಶುರು ಮಾಡಿದರು. ಎಲ್ಲ ಊರಲ್ಲೂ ಯಾವಾಗಲೂ ಒಂದು ಸೇತುವೆ ಉದ್ಘಾಟನೆಯಾಗುತ್ತಲೇ ಇರುತ್ತದೆ, ತಪ್ಪೇನಿಲ್ಲ. ಆಮೇಲೆ ತರಕಾರಿ ಬೆಲೆ ಏರಿಸಿದರು. ಮೃಗಾಲಯದ ಆನೆಗೆ ಹೆರಿಗೆ ಮಾಡಿಸಿದರು.

“ಆನೆ ಸಾಕು. ನಮ್ಮ ಬಡಾವಣೆದು ಏನಾದ್ರೂ ಇದ್ರೆ ಓದಿ.”

ಪುಟದ ನಡುವೆ ದೊಡ್ಡದೊಂದು ನೀಲಿ ಚಿತ್ರವಿತ್ತು. ನೀಲಿ ಅಂದ ಮೇಲೆ ನೀರು. “ನಾಳೆಯಿಂದ ನಮ್ಮ ಬಡಾವಣೆಗೆ ನೀರು ಬರಲ್ವಂತೆ ಮೇಡಂ. ಕೊಳವೆ ದುರಸ್ತಿ.”

“ಹೌದಾ?” ಮೇಡಂ ನೆಟ್ಟಗೆ ಕೂತರು. ದಪ್ಪ ಗುಂಡಿಗಳ ಫೋನನ್ನು ತಡವಿ ಹಿಡಿದು, ಕಟ್ಟಡದ ಕಾರ್ಯದರ್ಶಿಗೆ ಹಚ್ಚಿದರು. “ಹಲೋ, ನಾಳೆಯಿಂದ ನೀರಿಲ್ವಂತೆ. ಪತ್ರಿಕೇಲಿ ಬಂದಿದೆ. ಈಗಲೇ ಎಲ್ರಿಗೂ ತುಂಬಿಸಿಕೊಳ್ಳೋಕೆ ಹೇಳಿ.”

“ಅಯ್ಯೋ ಮೇಡಂ, ಬಿಡಿ, ಸಣ್ಣ ಸುದ್ದಿ...” ರಾಯರು ಕೈ ಚಾಚುವಷ್ಟರಲ್ಲಿ ಫೋನು ಕೆಳಗಿಟ್ಟಾಗಿತ್ತು.

ಕಾಗದವನ್ನು ಕಂಕುಳಲ್ಲಿ ಒತ್ತಿಕೊಂಡು ಅವರು ಮೆಟ್ಟಿಲಿಳಿಯುವಾಗಲೇ ಕಟ್ಟಡಕ್ಕೆ ಬೆಂಕಿ ಬಿದ್ದ ಹಾಗಾಗಿತ್ತು. ಕಾರ್ಯದರ್ಶಿ ಬಾಗಿಲು ಬಾಗಿಲು ಬಡಿಯುತ್ತಿದ್ದರು. ಬಕೆಟ್ಟು, ಪಾತ್ರೆ, ಮಗುವಿನ ಸ್ನಾನದ ತೊಟ್ಟಿ, ಕೊನೆಗೆ ಹೂದಾನಿ ಕೂಡ ಅಂಗಳದ ನಲ್ಲಿಯ ಕೆಳಗೆ ಸಾಲುಗಟ್ಟಿ ನಿಂತಿದ್ದವು. ಕೆಳಮನೆಯ ಔಷಧಿ ಅಂಗಡಿಯಾಕೆ ಖಾಲಿ ಸೀಸೆಗಳನ್ನೆಲ್ಲ ತಂದು ತುಂಬಿಸುತ್ತಿದ್ದರು.

“ರಾಯರೇ, ನೀವೇ ಓದಿದ್ದಂತೆ!” ಕಾರ್ಯದರ್ಶಿ ದಾರಿಗಡ್ಡ ನಿಂತರು. “ಎಷ್ಟು ದಿನ ಅಂತ ಬರೆದಿದೆ? ಕೊಡಿ ಇಲ್ಲಿ ಆ ಪತ್ರಿಕೆ.”

ರಾಯರು ಲೆಕ್ಕ ಹಾಕಿದರು. ಈಗ ನಿಜ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ನಾಳೆ ಹೋಗುತ್ತದೆ. ಒಂದು ದಿನದ ಮಾನವೂ ಮಾನವೇ. ಅವರು ತಡವರಿಸಿ ಪಕ್ಕಕ್ಕೆ ವಾಲಿದರು. ಕಾಗದ ಔಷಧಿ ಅಂಗಡಿಯಾಕೆಯ ತುಂಬಿದ ಬಕೆಟ್ಟಿಗೆ ಜಾರಿ ಬಿತ್ತು. ಬಿದ್ದದ್ದನ್ನು ಎತ್ತುವ ನೆಪದಲ್ಲಿ ರಾಯರು ಅದನ್ನು ನೀರಿನಲ್ಲೇ ಹಿಚುಕಿ ಹಿಚುಕಿ ಮುದ್ದೆ ಮಾಡಿದರು.

“ಥೂ, ನನ್ನ ಒಂದು ಬಕೆಟ್ ಹೋಯ್ತಲ್ರೀ!” ಎಂದು ಆಕೆ ಕಿರುಚಿದರು.

“ಪರವಾಗಿಲ್ಲ, ಇನ್ನೊಂದು ತುಂಬಿಸಿ” ಎಂದು ಕಾರ್ಯದರ್ಶಿ ತಿರುಗಿಸಿದ ನಲ್ಲಿ, ‘ಕೊರ್ರ್’ ಎಂದು ಕೆಮ್ಮಿ ಸುಮ್ಮನಾಯಿತು. ಮೇಲಿನ ಟ್ಯಾಂಕು ಬರಿದಾಗಿತ್ತು.

“ನಾಳೆ ಅಂದದ್ದು ಇವತ್ತೇ ನಿಂತುಹೋಯ್ತಲ್ಲ!” ಕಾರ್ಯದರ್ಶಿ ಕಣ್ಣರಳಿಸಿದರು. “ನೀವು ಓದದೇ ಇದ್ದಿದ್ರೆ ನಮ್ಮ ಗತಿ ಏನು ರಾಯರೇ!”

ಎಲ್ಲರೂ ರಾಯರನ್ನು ಕೊಂಡಾಡಿದರು. ರಾಯರ ಮನೆಯ ಬಚ್ಚಲಿಂದ ಮಾತ್ರ ಬೇರೆ ದನಿ ಕೇಳಿತು. “ರೀ! ತಲೆಗೆಲ್ಲ ಸೋಪು ಹಚ್ಚಿದೀನಿ, ನೀರು ನಿಂತುಹೋಯ್ತು! ಇರೋ ಪಾತ್ರೆ ಎಲ್ಲಾ ತುಂಬಿಸಿಟ್ಟೆ, ನನ್ನ ಪಕ್ಕದ ಬಕೆಟ್ಟೊಂದು ಮರೆತೆ!”

ಹೆಂಡತಿಯ ತಲೆಗೆ ನೀರು ಹೊಯ್ಯುವಾಗ ರಾಯರಿಗೆ ಮೇಡಂ ನೆನಪಾದರು. ಎಲ್ಲರನ್ನೂ ಎಚ್ಚರಿಸಿದ ಆಕೆ ತನಗೆಂದು ಒಂದು ಲೋಟವಾದರೂ ತುಂಬಿಸಿಕೊಂಡಿದ್ದಾರೋ ಇಲ್ಲವೋ. ಕಣ್ಣಿಲ್ಲದ ಹೆಂಗಸು, ತನ್ನನ್ನು ನಂಬಿದವಳು. ಎರಡು ಬಕೆಟ್ಟು ಎತ್ತಿಕೊಂಡು, ಅರ್ಧ ಮೆಟ್ಟಿಲ ಮೇಲೆ ಚೆಲ್ಲುತ್ತಾ, ಏದುಸಿರು ಬಿಡುತ್ತಾ ಮೇಲೆ ಹತ್ತಿದರು.

“ಮೇಡಂ, ತಪ್ಪಾಯ್ತು” ಅಂದರು ಬಾಗಿಲಲ್ಲೇ. “ನನ್ನ ಕನ್ನಡಕ ಬೆಳಿಗ್ಗೇನೇ ಒಡೆದಿತ್ತು. ನಾನು ಓದಿದ್ದು ಯಾವುದೂ ಪತ್ರಿಕೇಲಿ ಇರಲಿಲ್ಲ. ಕೇಂದ್ರಕ್ಕೆ ಹೇಳಿ, ನನ್ನನ್ನ ತೆಗೆದುಹಾಕ್ಲಿ.”

“ಗೊತ್ತು” ಅಂದರು ಮೇಡಂ. “ಇವತ್ತಿನ ಪತ್ರಿಕೆ ನನ್ನ ಮಡಿಲಲ್ಲೇ ಇತ್ತು. ಕೊಡೋಣ ಅನ್ನುವಷ್ಟರಲ್ಲಿ ನೀವು ಮೇಜಿನ ಮೇಲಿದ್ದ ಹಾಸಿಗೆ ಅಂಗಡಿಯ ಜಾಹೀರಾತು ಎತ್ಕೊಂಡು ಶುರು ಮಾಡಿಬಿಟ್ರಿ. ಎಷ್ಟು ಚೆನ್ನಾಗಿ ಓದ್ತಿದ್ರಿ, ತಡೆಯೋಕೆ ಮನಸ್ಸು ಬರಲಿಲ್ಲ.”

ರಾಯರು ಬಕೆಟ್ಟು ಕೆಳಗಿಟ್ಟರು. “ಮತ್ತೆ ಫೋನ್ ಯಾಕೆ ಮಾಡಿದ್ರಿ?”

“ಟ್ಯಾಂಕಿನ ನೀರು ಪಾಚಿ ವಾಸನೆ ಹೊಡೀತಿದೆ ಅಂತ ಹೇಳಿ ಹೇಳಿ ನನ್ನ ಗಂಟಲು ಬಿತ್ತು. ‘ನಿಮಗೆ ಕಾಣಲ್ಲ ಮೇಡಂ, ನೀರು ಕನ್ನಡಿ ಹಾಗಿದೆ’ ಅಂತಾರೆ ಕಾರ್ಯದರ್ಶಿ. ಟ್ಯಾಂಕು ಖಾಲಿ ಆಗದೆ ತೊಳೆಯೋಕಾಗಲ್ಲ, ಖಾಲಿ ಮಾಡೋಕೆ ಯಾರೂ ಒಪ್ಪಲ್ಲ. ಅಷ್ಟರಲ್ಲಿ ದೇವರ ಹಾಗೆ ನೀವು ಬಂದ್ರಿ.”

ರಾಯರಿಗೆ ಹೋದ ಜೀವ ಬಂದಂತಾಯಿತು. “ಹಾಗಾದ್ರೆ ಕೆಳಗೆ ಎಲ್ರಿಗೂ ನೀವೇ ಒಂದು ಮಾತು...”

“ನಾನೇನು ಹೇಳ್ಲಿ? ಕಾಣದವಳು, ಕೇಳಿದ್ದನ್ನ ಹೇಳಿದೆ. ಸುಳ್ಳು ಓದಿದ್ದು ನೀವು.” ಮೇಡಂ ಕೋಲು ಕೈಗೆತ್ತಿಕೊಂಡರು. “ಸಂಜೆ ನೀರು ಬಿಡೋ ಮೊದಲು ತೊಳೆದು ಮುಗಿಸಬೇಕು. ತೊಳೆಯೋನು ಇವತ್ತು ಬರಲ್ವಂತೆ. ಬ್ರಶ್ಶು ಬಾಗಿಲ ಹಿಂದಿದೆ, ತೊಗೊಳ್ಳಿ.”

ಸ್ವಲ್ಪ ಹೊತ್ತಿಗೆ ಆಗಲಿರಾಯರು ಮೊಣಕಾಲವರೆಗೆ ಬಟ್ಟೆ ಮಡಚಿ ಟ್ಯಾಂಕಿನೊಳಗಿದ್ದರು. ಕತ್ತಲು, ಜಾರಿಕೆ, ಕನ್ನಡಕವಿದ್ದಿದ್ದರೂ ಏನೂ ಕಾಣುತ್ತಿರಲಿಲ್ಲ. ಮೇಲೆ ಬಾಯಿಯ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ ಮೇಡಂ ಬ್ರಶ್ಶಿನ ಸದ್ದಿಗೆ ಕಿವಿ ಕೊಟ್ಟಿದ್ದರು.

“ಎಡಗಡೆ ಮೂಲೆ ಬಿಟ್ರಿ. ಸದ್ದು ಇನ್ನೂ ಮೆತ್ತಗಿದೆ, ಅಲ್ಲಿ ಪಾಚಿ ಇದೆ... ಹಾಂ, ಈಗ ಸರಿ.” ನಡುವೆ ಅವರು ಕೇಂದ್ರದ ಮೇಲ್ವಿಚಾರಕಿಗೆ ಫೋನು ಹಚ್ಚಿ ಹೇಳುತ್ತಿದ್ದುದೂ ಕೇಳಿಸಿತು: “ಇಷ್ಟು ದಿನಕ್ಕೆ ಒಬ್ಬ ಒಳ್ಳೇ ಓದುಗರನ್ನ ಕಳಿಸಿದ್ರಿ. ಇವರನ್ನ ಮಾತ್ರ ಬದಲಾಯಿಸಬೇಡಿ. ದಿನಾ ಬರ್ಲಿ.”

ಫೋನಿಟ್ಟು, ಮೇಡಂ ಟ್ಯಾಂಕಿನ ಬಾಯಿಗೆ ಬಗ್ಗಿದರು.

“ರಾಯರೇ, ನಮ್ಮ ಮೆಟ್ಟಿಲ ಕಂಬಿ ಬಹಳ ದಿನದಿಂದ ಅಲ್ಲಾಡ್ತಿದೆ, ಯಾರೂ ಸರಿ ಮಾಡಿಸ್ತಿಲ್ಲ. ನಾಳೆ ಪತ್ರಿಕೇಲಿ ಅದರ ಬಗ್ಗೆ ಏನಾದ್ರೂ ಬಂದಿರುತ್ತೆ, ಅಲ್ವಾ?”