ಕಣ್ಣು ಕಾಯಲು ನಿಂತ ಮೇಷ್ಟ್ರು

ಸಭೆಯಲ್ಲಿ ತೂಕಡಿಸಿದ್ದೇ ತಪ್ಪಾಯಿತು. ಸೂರ್ಯಗ್ರಹಣ ನೋಡಲು ಊರವರನ್ನೆಲ್ಲ ಕಾಲೇಜು ಮೈದಾನಕ್ಕೆ ಕರೆಯುವುದೆಂದು ತೀರ್ಮಾನವಾಗಿತ್ತು. ಬಂದವರ ಕಣ್ಣಿನ ಸುರಕ್ಷತೆ ಯಾರ ಹೊಣೆ ಎಂದು ಪ್ರಿನ್ಸಿಪಾಲರು ಕೇಳಿದ ಹೊತ್ತಿಗೆ ಸರಿಯಾಗಿ ಭೌತಶಾಸ್ತ್ರದ ಮೇಷ್ಟ್ರ ತಲೆ ಮುಂದಕ್ಕೆ ವಾಲಿತು. ಅದನ್ನೇ ಒಪ್ಪಿಗೆಯೆಂದು ತಿಳಿದು ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸದ್ದಿಗೇ ಮೇಷ್ಟ್ರಿಗೆ ಎಚ್ಚರವಾದದ್ದು.

ಹೊಣೆ ತಲೆಗೆ ಬಿದ್ದ ಮೇಲೆ ಅವರು ಸುಮ್ಮನೆ ಕೂರುವವರಲ್ಲ. ಮೈದಾನಕ್ಕೆ ಹಗ್ಗ ಕಟ್ಟಿಸಿದರು, ವಯಸ್ಸಾದವರಿಗೆ ನೆರಳಲ್ಲಿ ಕುರ್ಚಿ ಹಾಕಿಸಿದರು, ಗ್ರಹಣದ ಕನ್ನಡಕಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ತೂತು ಹುಡುಕಿದರು. ಗ್ರಹಣದ ದಿನ ಕೊರಳಿಗೆ ಕೈಮೈಕು ನೇತುಹಾಕಿಕೊಂಡು, ಮದುವೆಮನೆಯಲ್ಲಿ ಹೆಣ್ಣಿನ ಸೋದರಮಾವ ಓಡಾಡುವ ಹಾಗೆ ಓಡಾಡತೊಡಗಿದರು.

ಜನ ನೆನೆಸಿದ್ದಕ್ಕಿಂತ ಹೆಚ್ಚೇ ಬಂದರು. ಕನ್ನಡಕ ಹಾಕಿಕೊಂಡು ಸುತ್ತ ನೋಡಿದ ಒಬ್ಬಾತ, ಏನೂ ಕಾಣುವುದಿಲ್ಲ, ಇದು ಕೆಟ್ಟಿದೆ ಎಂದು ವಾಪಸು ಕೊಟ್ಟ. ಅವನ ಹಿಂದೆ ಇಡೀ ಸಾಲೇ ವಾಪಸು ಕೊಡಲು ನಿಂತಿತು. ಇದರಲ್ಲಿ ಸೂರ್ಯನೊಬ್ಬನೇ ಕಾಣಬೇಕಾದದ್ದು ಎಂದು ಮೇಷ್ಟ್ರು ಗಂಟಲು ಹರಿದುಕೊಳ್ಳಬೇಕಾಯಿತು. ರಸಾಯನಶಾಸ್ತ್ರದ ಮೇಡಂ ಹತ್ತಿರ ಬಂದು, ಸ್ವಲ್ಪ ನಗುತ್ತಾ ಹೇಳಿದರೆ ಜನ ಕೇಳುತ್ತಾರೆ ಎಂದು ಬುದ್ಧಿ ಹೇಳಿ ಹೋದರು. ಕೊನೆಗೆ ಕನ್ನಡಕ ಸಾಲದೆ, ಮಗು ಎತ್ತಿಕೊಂಡು ಬಂದ ಹೆಂಗಸೊಬ್ಬಳಿಗೆ ಮೇಷ್ಟ್ರು ತಮ್ಮದನ್ನೇ ಕೊಟ್ಟುಬಿಟ್ಟರು.

ಸೂರ್ಯನ ಅಂಚು ಕರಗುತ್ತಿತ್ತು. ಆಗ ಹಗ್ಗದ ಪಕ್ಕ ಒಬ್ಬ ಹಿರಿಯರು ಕಣ್ಣಿಗೆ ಬಿದ್ದರು. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ಬಿಳಿ ತಲೆ. ಬರಿಗಣ್ಣು ಅಗಲಿಸಿಕೊಂಡು ನೇರ ಸೂರ್ಯನತ್ತಲೇ ಮುಖ ಮಾಡಿ ನಿಂತಿದ್ದರು. ಮೇಷ್ಟ್ರು ಮೈಕಿನ ಗುಂಡಿ ಒತ್ತಿಕೊಂಡೇ ಓಡಿದರು.

“ಓದಿದವರ ಹಾಗೆ ಕಾಣ್ತೀರಿ. ಕಣ್ಣು ಹೋದ ಮೇಲೆ ಬುದ್ಧಿ ಬರುತ್ತಾ ನಿಮಗೆ?”

ಇಡೀ ಮೈದಾನ ಇತ್ತ ತಿರುಗಿತು. ಮೇಷ್ಟ್ರು ಹಿಂದಿನಿಂದ ಎರಡೂ ಕೈಯಲ್ಲಿ ಹಿರಿಯರ ಕಣ್ಣು ಮುಚ್ಚಿದರು. ಅವರೇನೂ ಗಾಬರಿಯಾಗಲಿಲ್ಲ. ಆ ಕೈಗಳನ್ನು ಮುಟ್ಟಿ ಮುಟ್ಟಿ ನೋಡಿ, “ಯಾರಪ್ಪ ಇದು? ನನ್ನ ಮೊಮ್ಮಗನ ಕೈ ಇಷ್ಟು ದಪ್ಪ ಇಲ್ಲ” ಅಂದರು.

ಪಕ್ಕದಲ್ಲಿದ್ದ ಮಗಳು, “ಸರ್, ಅಪ್ಪನಿಗೆ ಕಣ್ಣು ಕಾಣಲ್ಲ. ಹಕ್ಕಿಗಳು ಗೂಡಿಗೆ ಹೋಗೋ ಸದ್ದು ಕೇಳ್ಬೇಕು ಅಂತ ಬಂದಿದ್ದಾರೆ” ಅಂದಳು. ಪಾಪ, ಅವಳು ಮೆಲ್ಲಗೇ ಹೇಳಿದ್ದಳು. ಆದರೆ ಮೇಷ್ಟ್ರ ಕೊರಳಲ್ಲಿ ನೇತಾಡುತ್ತಿದ್ದ ಮೈಕು ಇನ್ನೂ ಚಾಲೂ ಇತ್ತು.

ಮೇಷ್ಟ್ರ ಕಿವಿಗಳು ಕಾದ ಕಾವಲಿಯಾದವು. ಯಾರ ಮುಖ ನೋಡಲೂ ಧೈರ್ಯವಾಗಲಿಲ್ಲ. ತೊದಲುತ್ತಾ ಕ್ಷಮೆ ಕೇಳಿದರು. ಹಿರಿಯರು ಹಿಂದೆ ವಕೀಲಿಕೆಯ ಜೊತೆಗೆ ಇದೇ ಕಾಲೇಜಿನಲ್ಲಿ ಕಾನೂನು ಪಾಠ ಹೇಳಿದವರಂತೆ. ಇದಕ್ಕಿಂತ ಜೋರು ಬೈಗುಳ ಕೋರ್ಟಿನಲ್ಲಿ ಕೇಳಿದ್ದೇನೆ ಬಿಡಿ ಎಂದು ನಕ್ಕರು. ಅವರು ನಕ್ಕಷ್ಟೂ ಮೇಷ್ಟ್ರು ಕುಗ್ಗಿಹೋದರು. ಮಾಡಿದ ತಪ್ಪಿಗೆ ಬದಲಾಗಿ ತಾವೇ ಹಿರಿಯರಿಗೆ ಗ್ರಹಣವನ್ನು ಬಣ್ಣಿಸುವುದಾಗಿ ಹೇಳಿ, ಮಗಳನ್ನು ಗ್ರಹಣ ನೋಡಲು ಕಳಿಸಿದರು.

ಮರದಡಿ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಉಗುರು ಕತ್ತರಿಸಿ ಚೆಲ್ಲಿದ ಹಾಗೆ ಬಾಗಿವೆ ಎಂದರು. ಹುಲ್ಲಿನ ಬಣ್ಣ ಮಂಕಾಗಿದೆ ಎಂದರು. ಹಿರಿಯರು ಮಗುವಿನಂತೆ ಬಾಯಿ ತೆರೆದು ಕೇಳುತ್ತಿದ್ದರು. “ಈಗ ಎಷ್ಟು ಉಳಿದಿದೆ?” ಎಂದು ಅವರು ಕೇಳಿದಾಗ, ಸರಿಯಾಗಿ ಹೇಳುವ ಆಸೆಗೆ ಮೇಷ್ಟ್ರು ತಲೆ ಎತ್ತಿ ನೋಡಿಯೇಬಿಟ್ಟರು. ಬರಿಗಣ್ಣಲ್ಲಿ.

ಮೇಡಂ ಅದನ್ನು ನೋಡಿದರು, ಪ್ರಿನ್ಸಿಪಾಲರಿಗೆ ಹೇಳಿದರು. ಅಷ್ಟು ಜನರಲ್ಲಿ, ಅಂದು ಸ್ಟಾಫ್ ರೂಮಿಗೆ ಕರೆಸಿದ್ದ ಕಣ್ಣಿನ ಡಾಕ್ಟರ ಮುಂದೆ ಕೂರಿಸಲ್ಪಟ್ಟವರು ಸುರಕ್ಷತೆಯ ಹೊಣೆ ಹೊತ್ತವರೊಬ್ಬರೇ. ಡಾಕ್ಟರು ಹನಿ ಬಿಟ್ಟು ಪರೀಕ್ಷೆ ಮಾಡಿ, ಏನೂ ಆಗಿಲ್ಲ, ಆದರೆ ಹನಿಯ ಪ್ರಭಾವ ಇಳಿಯುವವರೆಗೆ ಬಿಸಿಲಲ್ಲಿ ಕಣ್ಣು ಬಿಡಲಾಗದು, ಯಾರಾದರೂ ಕೈಹಿಡಿದು ಗೇಟಿನವರೆಗೆ ಬಿಡಿ ಎಂದರು.

ಗ್ರಹಣ ಮುಗಿದು ಹೊರಗೆ ಬಿಸಿಲು ಸುರಿಯುತ್ತಿತ್ತು. ಯಾರೋ ಮೇಷ್ಟ್ರ ಕೈ ಹಿಡಿದರು. ಗಟ್ಟಿ ಹಿಡಿತ. ಮೆಟ್ಟಿಲು ಬಂದಾಗ ಬೆರಳೊತ್ತಿ ಎಚ್ಚರಿಸುತ್ತಿದ್ದರು, ತಿರುವಿನಲ್ಲಿ ಮೆಲ್ಲಗೆ ಎಳೆಯುತ್ತಿದ್ದರು. ಅಟೆಂಡರ್ ಇರಬೇಕೆಂದುಕೊಂಡು ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, ಆ ಹಿರಿಯರ ಎದುರು ಇನ್ನೊಮ್ಮೆ ನಿಲ್ಲುವ ಮುಖ ತಮಗಿಲ್ಲ ಎಂದು ದಾರಿಯುದ್ದಕ್ಕೂ ಹಲುಬಿದರು. ಕೈಹಿಡಿದವರು ಹಿಡಿತ ಬಿಗಿಮಾಡಿ ಮುಂದೆ ನಡೆಸಿದರು.

ಗೇಟಿನ ಬಳಿ ಜನ ಗಿಜಿಗುಟ್ಟುತ್ತಿದ್ದರು. ಕಾವಲುಗಾರ ಕೂಗಿ ಹೇಳಿದ: “ಸ್ವಲ್ಪ ದಾರಿ ಬಿಡಿ, ಕಣ್ಣು ಕಾಣದವರು ಇಬ್ಬರು ಬರ್ತಿದ್ದಾರೆ.”

“ಇಬ್ಬರಲ್ಲಪ್ಪ, ಒಬ್ಬರೇ” ಅಂದರು ಕೈಹಿಡಿದವರು. “ನನಗೆ ದಾರಿ ಗೊತ್ತು.”

ಗೇಟಿನ ಕಮಾನಿನ ಕೆಳಗೆ ದಟ್ಟ ನೆರಳಿತ್ತು. ಅಲ್ಲಿ ಕಣ್ಣು ಬಿಡಬಹುದಿತ್ತು. ಮೇಷ್ಟ್ರು ಬಿಡಲಿಲ್ಲ.